ಊರಿಗೆ ಯಾವಾಗ?

ಪ್ರಶ್ನೆ ಕೇಳಿದ್ದು ಕಾಕ. ಅದನ್ನು ಕೆಡಿಸಿದ್ದು ನಾನು. ಎರಡನ್ನೂ ಮೊದಲೇ ಹೇಳಿಬಿಡುತ್ತೇನೆ. ಹಾಗೆಂದು ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಕ್ಷಮಾಪಣೆಯ ಪತ್ರವೊಂದನ್ನು ಆಗಲೇ ಬರೆದಾಗಿದೆ, ಅದೂ ಬೇರೆಯವರ ಹೆಸರಿನಲ್ಲಿ. ಅಂಥದ್ದು ಇನ್ನೊಂದು ನನ್ನ ಕೈಯಿಂದ ಬರುವುದಿಲ್ಲ.

ನನ್ನ ನೆನಪಿನ ಮೇಲೆ ನನಗೆ ಭರವಸೆ ಕಡಿಮೆ. ಮಂಗಳೂರಿನ ಹತ್ತಿರದ ಗುಡ್ಡದ ಮೇಲಿನ ವಿಶ್ವವಿದ್ಯಾಲಯದಲ್ಲಿ ಕೂತು ಇತಿಹಾಸದಲ್ಲಿ ಎಂ.ಎ. ಓದಿದವನು ನಾನು. ಅಲ್ಲಿ ಬಾಯಿಪಾಠ ಮಾಡಿದ ವಂಶಾವಳಿಗಳೆಲ್ಲ ಹೋದವು. ಕಣ್ಣಾರೆ ಕಂಡೆ ಎನ್ನುವವನನ್ನೇ ಮೊದಲು ಅನುಮಾನಿಸಬೇಕು ಎಂಬ ಒಂದು ಪಾಠ ಮಾತ್ರ ಉಳಿಯಿತು. ಅದನ್ನು ಇಟ್ಟುಕೊಂಡು ಊರಲ್ಲಿ ಯಾವ ಕೆಲಸವೂ ಸಿಗಲಿಲ್ಲ. ಹನ್ನೊಂದು ವರ್ಷದಿಂದ ಸೌದಿಯ ರಾಸ್ ತನೂರಾದಲ್ಲಿ ಒಂದು ಕಾಂಟ್ರಾಕ್ಟ್ ಕಂಪೆನಿಯ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೇನೆ. ಪೈಪುಗಳ ನಕ್ಷೆ ಕಾಯುವ ಕೆಲಸ. ಹೊಸ ನಕ್ಷೆ ಬಂದ ಕೂಡಲೇ ಹಳೆಯದರ ಮೇಲೆ ಠಸ್ಸೆ ಹೊಡೆದು ಬದಿಗಿಡಬೇಕು, ಯಾವುದು ಕೊನೆಯದು ಎಂದು ಕೇಳಿದವರಿಗೆ ತೋರಿಸಬೇಕು. ದಿನಾ ಎಂಟು ಗಂಟೆ ಹೀಗೆ ಸರಿ ಯಾವುದು, ತಪ್ಪು ಯಾವುದು ಎಂದು ನೋಡುವವನಿಗೆ ತನ್ನ ತಲೆಯೊಳಗಿನ ಕಡತ ನೋಡಿದರೆ ದಿಗಿಲಾಗುತ್ತದೆ. ಅಲ್ಲಿ ಯಾವುದರ ಮೇಲೂ ತಾರೀಕು ಇಲ್ಲ.

ಕಾಕ ನನ್ನ ಸಂಬಂಧಿಯಲ್ಲ. ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮರು, ನನಗಿಂತ ಹದಿನೈದು ವರ್ಷ ದೊಡ್ಡವರು. ದಮ್ಮಾಮಿನ ಸನಾಯ್ಯದಲ್ಲಿ, ಎಂದರೆ ಗ್ಯಾರೇಜು ವರ್ಕ್‌ಶಾಪುಗಳೇ ತುಂಬಿರುವ ಬೀದಿಗಳಲ್ಲಿ, ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ ನೋಡಿಕೊಳ್ಳುತ್ತಾರೆ. ಬೀದಿಯವರೆಲ್ಲ ಕಾಕ ಎನ್ನುವುದರಿಂದ ನಾನೂ ಕಾಕ ಎನ್ನುತ್ತೇನೆ. ಅವರು ನನ್ನನ್ನು ಮಾಷ್ಟ್ರೇ ಎನ್ನುತ್ತಾರೆ, ನಾನು ಯಾರಿಗೂ ಒಂದು ದಿನ ಪಾಠ ಹೇಳಿದವನಲ್ಲದಿದ್ದರೂ. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಷ್ಟರಲ್ಲೇ ಒಂದಿಷ್ಟು ಸೋರಿಹೋಗಿರುತ್ತದೆ.

ನನ್ನ ಹಳೆಯ ಕಾರಿನ ರೇಡಿಯೇಟರ್ ಹುಡುಕಿಕೊಂಡು ಹೋದಾಗ ಅವರ ಪರಿಚಯವಾಯಿತು. ಕೌಂಟರಿನ ಕೆಳಗೆ ಅರಬಿ ಭಾಷೆಯ ದಪ್ಪ ಪುಸ್ತಕವೊಂದು ಮಗುಚಿ ಬಿದ್ದಿತ್ತು, ಪುಟದ ನಡುವೆ ಪೆನ್ಸಿಲ್ಲು. ಧಾರ್ಮಿಕ ಪುಸ್ತಕವಿರಬೇಕು ಎಂದುಕೊಂಡೆ. ಕೇಳಿದರೆ, "ಕಾದಂಬರಿ ಮಾರಾಯ್ರೆ. ಒಬ್ಬ ಡ್ರೈವರಿನದ್ದು. ಹೆಂಡತಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಾನೆ, ಈಗ ಎಂತ ಮಾಡ್ತಾನೆ ನೋಡ್ಬೇಕು" ಎಂದರು. ಅವರಿಗೆ ಅರಬಿಯ ಅಕ್ಷರ ಬಂದದ್ದು ಚಿಕ್ಕಂದಿನಲ್ಲಿ ಮದ್ರಸದಲ್ಲಿ. ಅರ್ಥ ಬಂದದ್ದು ಸನಾಯ್ಯದಲ್ಲಿ, ಈಜಿಪ್ಟಿನ ಮೆಕ್ಯಾನಿಕ್‌ಗಳು, ಜೋರ್ಡಾನಿನ ಪೇಂಟರ್‌ಗಳು ಮೂವತ್ತು ವರ್ಷ ಕೌಂಟರಿಗೆ ಒರಗಿ ಬೈದದ್ದು, ಚೌಕಾಸಿ ಮಾಡಿದ್ದು, ಅತ್ತದ್ದು ಕೇಳಿ.

ನಾನೇ ಅವರನ್ನು ಓದುಗರ ಬಳಗಕ್ಕೆ ಕರೆದೊಯ್ದೆ. ದಮ್ಮಾಮಿನ ಪಕ್ಕದ ಖೋಬರ್‌ನ ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ಬಳಗ ಅದು. ಹೆಚ್ಚಿನವರು ಭಾರತದವರು, ಪಾಕಿಸ್ತಾನದವರು, ಕೆಲವರು ಸೌದಿಗಳು. ಮಾತೆಲ್ಲ ಇಂಗ್ಲಿಷಿನಲ್ಲಿ. ನಡೆಸುವವರು ಒಂದು ಆಸ್ಪತ್ರೆಯ ಆಡಳಿತದಲ್ಲಿರುವ ಉತ್ತರದ ಕಡೆಯ ಮನುಷ್ಯ. ಸಂಚಾಲಕರು ಎಂದೇ ಕರೆಯುತ್ತೇನೆ. ಪ್ರತಿ ಸಭೆಯ ವರದಿ ಬರೆದು ಎಲ್ಲರ ಫೋನಿಗೆ ಕಳಿಸುವ ಕೆಲಸ ನನ್ನದಾಗಿತ್ತು. ಕಾಗದ ಕಾಯುವವನಿಗೆ ಎಲ್ಲಿ ಹೋದರೂ ಅದೇ ಗತಿ. ಕಾಕ ಒಂದು ವರ್ಷ ಬಂದರು, ಒಂದು ದಿನವೂ ಬಾಯಿ ಬಿಡಲಿಲ್ಲ. ಸಭೆ ಮುಗಿದ ಮೇಲೆ ಜನ ಅವರ ಬಳಿ ಬರುತ್ತಿದ್ದದ್ದು ಬ್ರೇಕ್ ಪ್ಯಾಡ್ ವಿಚಾರಿಸಲು.

ಅಂಥವರು, ಪ್ಯಾಲೆಸ್ತೀನಿನ ಕಾದಂಬರಿಗಾರ್ತಿ ಬರುತ್ತಾರೆ ಎಂದು ಗೊತ್ತಾದ ದಿನ, "ಈ ಸಲ ನಾನೊಂದು ಪ್ರಶ್ನೆ ಕೇಳ್ತೇನೆ ಮಾಷ್ಟ್ರೇ. ಒಂದೇ ಒಂದು. ಉತ್ತರ ಸಿಕ್ಕಿದ್ರೆ ಸಾಕು" ಎಂದರು. ಆಕೆಯ ಹೊಸ ಕಾದಂಬರಿಯನ್ನು ಎರಡು ಸಲ ಓದಿದ್ದರು. ಇಡೀ ಬಳಗದಲ್ಲಿ ಅದನ್ನು ಅರಬಿಯಲ್ಲೇ ಓದಿ ಮುಗಿಸಿದವರು ನಾಲ್ಕೈದು ಜನವಿದ್ದಾರೇನೋ. ನಾನು ಇಂಗ್ಲಿಷಿನಲ್ಲಿ ಓದಿದ್ದೆ, ಕೊನೆಯ ಐವತ್ತು ಪುಟ ಹಾರಿಸಿ.

ಕಾದಂಬರಿಗಾರ್ತಿ ಹುಟ್ಟಿದ್ದು ದಮ್ಮಾಮಿನಲ್ಲೇ. ತಂದೆ ಇಲ್ಲಿ ಶಾಲೆಯ ಲೆಕ್ಕದ ಮೇಷ್ಟ್ರು. ಆಕೆಗೆ ಹದಿನಾಲ್ಕಾಗುವಾಗ ತಂದೆಯ ಕೆಲಸ ಮುಗಿಯಿತು. ಕೆಲಸ ಮುಗಿದರೆ ಇಲ್ಲಿರುವ ಪರವಾನಗಿ, ಇಕಾಮಾ, ಮುಗಿಯುತ್ತದೆ, ಇಕಾಮಾ ಮುಗಿದರೆ ಹೊರಡಬೇಕು. ಇದು ನಮಗೆ ಯಾರೂ ವಿವರಿಸಬೇಕಾದ್ದಲ್ಲ. ಮೊದಲು ಅಮ್ಮಾನ್, ಆಮೇಲೆ ಕೆನಡಾ. ಹುಟ್ಟಿದ ಊರಿಗೆ ಈಗ ಅತಿಥಿಯ ವೀಸಾದಲ್ಲಿ ಬಂದಿದ್ದರು. ಎರಡು ಕೂಟಗಳಿದ್ದವು. ಗುರುವಾರ ಸಂಜೆ ಎಲ್ಲರಿಗೂ ತೆರೆದದ್ದು, ಶನಿವಾರ ಮಧ್ಯಾಹ್ನ ಹನ್ನೆರಡೇ ಓದುಗರು ಮೇಜಿನ ಸುತ್ತ. ಆ ಹನ್ನೆರಡರಲ್ಲಿ ಕಾಕನ ಹೆಸರೂ ಇತ್ತು.

ಪ್ರಶ್ನೆಯ ಕತೆಗೆ ಮೊದಲು ನಮ್ಮವರ ಒಂದು ಅಭ್ಯಾಸ ಹೇಳಬೇಕು. ಗಲ್ಫಿನಲ್ಲಿ ಕರಾವಳಿಯ ಇಬ್ಬರು ಎದುರಾದರೆ, ಸೂಪರ್ ಮಾರ್ಕೆಟಿನ ತರಕಾರಿ ಸಾಲಿನಲ್ಲಾಗಲಿ, ಕ್ಲಿನಿಕ್ಕಿನ ಕುರ್ಚಿಯಲ್ಲಾಗಲಿ, ಮೊದಲ ಮಾತು "ಊರುಗು ಏಪ?" ಊರಿಗೆ ಯಾವಾಗ? ಅದು ಪ್ರಶ್ನೆಯೇ ಅಲ್ಲ. ಊಟ ಆಯಿತೇ ಎನ್ನುವ ಹಾಗೆ. "ಮೇಯಲ್ಲಿ" ಎಂದೋ "ಹಬ್ಬ ಕಳೆದು" ಎಂದೋ ಹೇಳಿದರಾಯಿತು. ಇದನ್ನು ಹೊರಗಿನವರ ಬಳಿ ಕೇಳುವುದಿಲ್ಲ. ಮ್ಯಾನೇಜರನ್ನು ಕೇಳುವುದಿಲ್ಲ, ಅಮೆರಿಕದ ಎಂಜಿನಿಯರನ್ನು ಕೇಳುವುದಿಲ್ಲ. ಯಾರು ನಮ್ಮ ಹಾಗೆ ರಜೆಗೆ ಕಾದು ಕೂತಿದ್ದಾರೋ ಅವರನ್ನು ಕೇಳುವುದು. ಕೇಳಿದೆವು ಎಂದರೆ ಅವರನ್ನು ನಮ್ಮ ಲೆಕ್ಕಕ್ಕೆ ಸೇರಿಸಿದೆವು ಎಂದು ಅರ್ಥ.

ಗುರುವಾರ ಮಹಡಿ ತುಂಬಿತ್ತು. ಕಾಕ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಅತ್ತರು ಹಚ್ಚಿ, ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟಿದ್ದರು. "ನಾನು ಕೇಳುವಾಗ ವೀಡಿಯೊ ತೆಗೀರಿ. ಮಗಳಿಗೆ ಕಳಿಸ್ಬೇಕು. ಅಪ್ಪ ಪುಸ್ತಕ ಹಿಡ್ಕೊಂಡು ನಿದ್ದೆ ಮಾಡುದು ಅಂತ ತಮಾಷೆ ಮಾಡ್ತಾಳೆ."

ಕಾದಂಬರಿಗಾರ್ತಿ ಐವತ್ತು ದಾಟಿದ ಗಟ್ಟಿ ಧ್ವನಿಯ ಹೆಂಗಸು. ಹೊಸ ತಲೆಮಾರಿನ ಪ್ಯಾಲೆಸ್ತೀನೀ ಕತೆಗಳ ಬಗ್ಗೆ ಹೇಳಿದರು. ಅಜ್ಜಿಯ ಬೀಗದ ಕೈ, ಆಲಿವ್ ಮರ ಎಂದು ಬರೆಯುತ್ತಿದ್ದ ಕಾಲ ಹೋಯಿತು. ಈಗಿನವರು ಅರ್ಜಿ ಫಾರಂಗಳ ಬಗ್ಗೆ, ಕ್ಯೂಗಳ ಬಗ್ಗೆ, ಮೂರು ದೇಶದಲ್ಲಿ ಹರಡಿದ ಕುಟುಂಬ ಒಂದೇ ಫೋನ್ ಕರೆಯಲ್ಲಿ ಜಗಳವಾಡುವುದರ ಬಗ್ಗೆ ಬರೆಯುತ್ತಾರೆ, ತಮಗೂ ಅದೇ ಇಷ್ಟ ಎಂದರು. ಅವರ ಕಾದಂಬರಿಯೂ ಅಂಥದ್ದೇ. ತಾನು ಎಂದೂ ನೋಡದ ಹಿರಿಯರ ಮನೆಯೊಂದರ ನಕ್ಷೆಯನ್ನು ಒಬ್ಬ ಹುಡುಗಿ ಬರೆಯಲು ಕೂರುತ್ತಾಳೆ. ಅಡುಗೆಮನೆಯ ಬಾಗಿಲು ಪೂರ್ವಕ್ಕಿತ್ತು ಎನ್ನುತ್ತಾಳೆ ತಾಯಿ. ಪಶ್ಚಿಮಕ್ಕೆ ಎನ್ನುತ್ತಾನೆ ಮಾವ. ಅಲ್ಲಿಗೆ ಬಾಗಿಲೇ ಇರಲಿಲ್ಲ ಎನ್ನುತ್ತಾಳೆ ದೊಡ್ಡಮ್ಮ. ಹುಡುಗಿ ಹನ್ನೊಂದು ನಕ್ಷೆ ಬರೆಯುತ್ತಾಳೆ.

ಇದು ನನ್ನ ಕಸುಬಿನ ವಿಷಯ. ನಾನು ಸುಮ್ಮನಿರಲಿಲ್ಲ. ಎದ್ದು ನಿಂತು, ವಿಶ್ವವಿದ್ಯಾಲಯದ ಇಂಗ್ಲಿಷನ್ನೆಲ್ಲ ಹೊರತೆಗೆದು ಕೇಳಿದೆ: "ಹನ್ನೊಂದು ನಕ್ಷೆಗಳಲ್ಲಿ ನಿಜವಾದದ್ದು ಯಾವುದು? ಸಾಕ್ಷ್ಯಗಳು ಒಂದಕ್ಕೊಂದು ಹೊಂದದಿದ್ದಾಗ ಮನೆ ಇತ್ತು ಎಂಬುದನ್ನೇ ಓದುಗ ಯಾಕೆ ನಂಬಬೇಕು?"

ಸಂಚಾಲಕರು, "ಬಹಳ ಆಳವಾದ ಪ್ರಶ್ನೆ" ಎಂದರು.

ಆಕೆ ನನ್ನನ್ನೇ ನೋಡಿದರು. "ಇದು ಜೋರ್ಡಾನಿನಿಂದ ನಮ್ಮ ಕಡೆಗೆ ದಾಟುವ ಸೇತುವೆಯ ಮೇಲೆ ಕೂತಿರುವ ಅಧಿಕಾರಿ ಕೇಳುವ ಪ್ರಶ್ನೆ" ಎಂದರು. "ಅವನೂ ಹೀಗೇ, ಬಹಳ ಮರ್ಯಾದೆಯಿಂದ ಕೇಳುತ್ತಾನೆ."

ಕೆಲವರು ನಕ್ಕರು. ನಾನೂ ನಕ್ಕೆ. ಅಥವಾ ನಗಲಿಲ್ಲ, ನಕ್ಕೆ ಎಂದು ಆಮೇಲೆ ಸೇರಿಸಿಕೊಂಡಿರಬಹುದು. ಕಿವಿ ಬಿಸಿಯಾದದ್ದು ಮಾತ್ರ ಖಂಡಿತ.

ಆಗ ಮೈಕು ಕಾಕನ ಕೈಗೆ ಬಂತು. ನಾನು ಫೋನು ಎತ್ತಿ ಹಿಡಿದೆ. ಕಾಕ ಗಂಟಲು ಸರಿಮಾಡಿಕೊಂಡು, ಸನಾಯ್ಯದ ಅರಬಿಯಲ್ಲಿ, ನೇರ ಆಕೆಯ ಮುಖ ನೋಡಿ ಕೇಳಿದರು: "ಇಮ್ತಾ ನಾಜ್ಲೆ ಅಲ್ ಬಲದ್?"

ಗಲ್ಫಿನಲ್ಲಿರುವ ಈಜಿಪ್ಟಿನವರು, ಜೋರ್ಡಾನ್, ಪ್ಯಾಲೆಸ್ತೀನ್ ಕಡೆಯ ಶಾಮಿನವರು ರಜೆಯ ಹೊತ್ತಿಗೆ ಒಬ್ಬರನ್ನೊಬ್ಬರು ಕೇಳುವ ಮಾತು ಅದು. ಊರಿಗೆ ಇಳಿಯುವುದು ಯಾವಾಗ? ನಮ್ಮ ಊರುಗು ಏಪ ಇದ್ದ ಹಾಗೆಯೇ, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಲದ್ ಎಂದರೆ ದೇಶವೂ ಹೌದು, ಊರೂ ಹೌದು, ಹಳ್ಳಿಯೂ ಹೌದು.

ಅರಬಿ ಬಾರದವರು ಮುಖ ಮುಖ ನೋಡಿದರು. ಸಂಚಾಲಕರು ನನ್ನ ಕಡೆ ತಿರುಗಿ, "ಏನಂದರು?" ಎಂದರು. ಪುಸ್ತಕ ಓದುವಷ್ಟು ಬಾರದಿದ್ದರೂ ಆಡುವ ಅರಬಿ ಹನ್ನೊಂದು ವರ್ಷದಲ್ಲಿ ನನಗೆ ಬಂದಿತ್ತು; ಪಕ್ಕದ ಮೈಕಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಯಾರೋ ಹಿಂದಿನಿಂದ "ಛೆ" ಎಂದರು. ಸಂಚಾಲಕರು ಧಡಕ್ಕನೆ ಎದ್ದು, "ಬಳಗದ ಪರವಾಗಿ ಕ್ಷಮೆ ಕೇಳುತ್ತೇನೆ. ಇಂಥ ಪ್ರಶ್ನೆಗೆ ನೀವು ಉತ್ತರ ಕೊಡಬೇಕಾಗಿಲ್ಲ. ಮುಂದಿನ ಪ್ರಶ್ನೆ" ಎಂದು ಕಾಕನ ಕೈಯಿಂದ ಮೈಕು ತೆಗೆದುಕೊಂಡರು.

ಕಾಕ ಕೂತರು. ಸಭೆ ಮುಗಿದು ನನ್ನ ಕಾರಿನಲ್ಲೇ ಬಂದರು. ಇಳಿಯುವಾಗ ಕೇಳಿದ್ದು ಇಷ್ಟೇ: "ಅವರು ಎಂತ ಉತ್ತರ ಹೇಳ್ತಿದ್ರೋ?"

ಶುಕ್ರವಾರ ಬೆಳಿಗ್ಗೆ ಸಂಚಾಲಕರ ಫೋನು. ಒಂದು, ವರದಿಯಲ್ಲಿ ಆ ಪ್ರಸಂಗ ಬರಕೂಡದು. ಎರಡು, ನಿಮ್ಮ ಗೆಳೆಯ ಲಿಖಿತ ಕ್ಷಮೆ ಕೇಳಬೇಕು; ಶನಿವಾರ ಅದನ್ನು ಆಕೆಯ ಎದುರು ಓದಿದರೆ ಮಾತ್ರ ಮೇಜಿನಲ್ಲಿ ಜಾಗ. "ಊರು ಕಳೆದುಕೊಂಡವರ ಹತ್ತಿರ ಊರಿಗೆ ಯಾವಾಗ ವಾಪಸು ಎಂದು ಕೇಳುವುದೇ? ಅವರಿಗೆ ಅಷ್ಟು ತಿಳಿಯುವುದಿಲ್ಲ, ಪಾಪ. ನೀವು ಓದಿದವರು, ನೀವೇ ಬರೆದುಕೊಡಿ."

ನೀವು ಓದಿದವರು. ಆ ಒಂದು ಮಾತಿಗೆ ನಾನು ಎಷ್ಟು ಸಲ ಸೋತಿದ್ದೇನೋ ಲೆಕ್ಕವಿಲ್ಲ. ಕೂತು ವರದಿಯಿಂದ ಕಾಕನನ್ನು ತೆಗೆದೆ. ತೆಗೆದದ್ದು ಗೊತ್ತಾಗದ ಹಾಗೆ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಜೋಡಿಸಿದೆ. ನನ್ನ "ಆಳವಾದ ಪ್ರಶ್ನೆ" ಉಳಿಯಿತು. ಆಮೇಲೆ ಕ್ಷಮಾಪಣೆ ಬರೆದೆ: ನನ್ನ ಅಜ್ಞಾನದಿಂದ ತಮ್ಮ ಭಾವನೆಗೆ ನೋವಾಗಿದ್ದರೆ. ಚೆನ್ನಾಗಿಯೇ ಬಂದಿತ್ತು.

ಜುಮ್ಮಾ ನಮಾಜು ಕಳೆದು ಅಂಗಡಿ ತೆರೆಯುವ ಹೊತ್ತಿಗೆ ಸನಾಯ್ಯಕ್ಕೆ ಹೋದೆ. ಕಾಕ ಏಣಿಯ ಮೇಲೆ ನಿಂತು ಫ್ಯಾನ್ ಬೆಲ್ಟುಗಳನ್ನು ನಂಬರಿನ ಪ್ರಕಾರ ತೂಗು ಹಾಕುತ್ತಿದ್ದರು. ಪತ್ರ ಓದಿ ಹೇಳಿದೆ. ಅವರು ಏಣಿಯಿಂದ ಇಳಿಯಲಿಲ್ಲ.

"ಅಜ್ಞಾನ ಯಾರದ್ದು ಮಾಷ್ಟ್ರೇ?"

"ಅದು ಒಂದು ಶೈಲಿ ಕಾಕ. ಬರೆಯುವ ಕ್ರಮ."

"ಕ್ರಮ ಇರಲಿ. ನಾನು ಎಂತ ತಪ್ಪು ಕೇಳಿದ್ದು? ವರ್ಕ್‌ಶಾಪಿನ ಜೋರ್ಡಾನಿಯವನ ಹತ್ರ ವರ್ಷಕ್ಕೆ ಹತ್ತು ಸಲ ಕೇಳ್ತೇನೆ. ಅವನು ಹೊಡೀಲಿಕ್ಕೆ ಬಂದದ್ದುಂಟಾ?"

"ಅವನಿಗೆ ಹೋಗಲಿಕ್ಕೆ ಊರುಂಟು. ಇವರಿಗೆ..."

"ಇವರಿಗೆ?" ಈಗ ಇಳಿದರು. ಕೈಯಲ್ಲಿ ಬೆಲ್ಟು ಹಾಗೇ ಇತ್ತು. "ಇಲ್ಲ ಅಂತ ನಿಮಗೆ ಯಾರು ಹೇಳಿದ್ದು? ಪುಸ್ತಕ ಪೂರ್ತಿ ಓದಿದ್ದೀರಾ?"

ನಾನು ಪತ್ರ ಮಡಚಿದೆ. ಕೊನೆಯ ಐವತ್ತು ಪುಟ.

"ಇಡೀ ಪುಸ್ತಕದಲ್ಲಿ ಆ ಹುಡುಗಿಯ ಹತ್ರ ಎಲ್ಲರೂ ಬಾಗಿಲು ಎಲ್ಲಿತ್ತು, ಬಾಗಿಲು ಎಲ್ಲಿತ್ತು ಅಂತ ಕೇಳುದೇ. ನೀನು ಹೋಗುದು ಯಾವಾಗ ಅಂತ ಒಬ್ಬ ಕೇಳುದಿಲ್ಲ ಮಾರಾಯ್ರೆ. ಮುನ್ನೂರು ಪುಟದಲ್ಲಿ ಒಬ್ಬ! ಎರಡನೇ ಸಲ ಓದಿದ್ದೇ ಅದನ್ನು ಹುಡುಕ್ಲಿಕ್ಕೆ. ಇಲ್ಲ. ಬೇಕಂತಲೇ ಬಿಟ್ಟದ್ದಾ, ಮರೆತದ್ದಾ? ಅದಕ್ಕೆ ನಾನೇ ಕೇಳಿದೆ."

ಆ ಪುಸ್ತಕದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ಹತ್ತಿರ ಹೋದದ್ದು ಇನ್ನೊಂದಿಲ್ಲ. ಅದು ಬಂದದ್ದು ಫ್ಯಾನ್ ಬೆಲ್ಟು ಹಿಡಿದವರ ಬಾಯಿಂದ. ಅದನ್ನು ನಾನು ಬೆಳಿಗ್ಗೆ ವರದಿಯಿಂದ ಒರೆಸಿ ಬಂದಿದ್ದೆ. ಹೇಳಬೇಕಾಯಿತು, ಹೇಳಿದೆ.

"ಹಾಗಾದ್ರೆ ವರದಿಯಲ್ಲಿ ನಾನು ಬಾಯೇ ಬಿಡ್ಲಿಲ್ಲ?"

"ಇಲ್ಲ."

"ಒಂದು ವರ್ಷ ಸುಮ್ಮನೆ ಕೂತದ್ದಕ್ಕೆ ಇನ್ನೂ ಒಂದು ದಿನ ಸೇರಿಸಿದ್ರಿ." ಬೈದಿದ್ದರೆ ಸುಲಭವಿತ್ತು. "ಒಂದು ಹೇಳಿ. ನೀವು ಇಂಗ್ಲಿಷಲ್ಲಿ ಎಂತ ಹೇಳಿದ್ದು ನಿನ್ನೆ?"

"ಮನೆಗೆ ಯಾವಾಗ ಹೋಗ್ತೀರಿ ಅಂದೆ. ಹೋಮ್ ಅಂದೆ." ಇದು ನನಗೆ ಸ್ಪಷ್ಟವಾಗಿ ನೆನಪಿತ್ತು. ಪ್ರಮಾಣ ಮಾಡು ಎಂದಿದ್ದರೆ ಮಾಡುತ್ತಿದ್ದೆ.

ಕಾಕ ಫೋನು ತೆಗೆದು ವೀಡಿಯೊ ಹಾಕಿದರು. ಮಗಳಿಗೆ ಇನ್ನೂ ಕಳಿಸಿರಲಿಲ್ಲ. ಮೊದಲು ಅವರ ಧ್ವನಿ, ಇಮ್ತಾ ನಾಜ್ಲೆ. ಆಮೇಲೆ ಮೈಕಿಗೆ ಬಾಯಿ ಹತ್ತಿರವಿದ್ದ ನನ್ನ ಧ್ವನಿ, ಭಾಷಣದ ಗತ್ತಿನಲ್ಲಿ, ಒಂದೊಂದೇ ಶಬ್ದ ಬಿಡಿಸಿ: ನಿಮ್ಮ ಹೋಮ್‌ಲ್ಯಾಂಡಿಗೆ ನೀವು ಮರಳುವುದು ಎಂದು?

ಹೋಮ್‌ಲ್ಯಾಂಡ್. ತಾಯ್ನಾಡು. ಮರಳುವುದು. ಸೊಪ್ಪು ಕೊಳ್ಳುವಾಗ ಕೇಳುವ ಮಾತನ್ನು ನಾನು ಶಿಲಾಶಾಸನ ಮಾಡಿದ್ದೆ. ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡು ನಿಮಿಷ ಮೊದಲು ಆಕೆ ನನ್ನನ್ನು ಅಧಿಕಾರಿ ಎಂದಿದ್ದರಲ್ಲ, ನಾನೂ ದುಃಖ ಬಲ್ಲವನು ಎಂದು ತೋರಿಸುವ ಅವಸರವಿರಬೇಕು. ಇದೂ ಊಹೆಯೇ.

ಕಾಕ ವೀಡಿಯೊವನ್ನು ಮೊದಲಿನಿಂದ ಮತ್ತೆ ಹಾಕಿದರು. "ನನ್ನ ಪ್ರಶ್ನೆ ಕೇಳಿದಾಗ ಅವರ ಮುಖ ನೋಡಿ. ನಿಮ್ಮ ಇಂಗ್ಲಿಷ್ ಬರುವ ಮೊದಲು." ನೋಡಿದೆ. ಹುಬ್ಬು ಮೇಲೇರಿತ್ತು. ಬಾಯಿ ತೆರೆದಿತ್ತು. ಪರಿಚಯದವರು ಬೀದಿಯಲ್ಲಿ ಕೂಗಿ ಕರೆದಾಗ ತಿರುಗುವವರ ಮುಖ. ಅಷ್ಟರಲ್ಲಿ ಚಿತ್ರ ಅಲುಗಿ ನೆಲದ ಟೈಲ್ಸು ಕಂಡಿತು, ನಾನು ಕೈ ಇಳಿಸಿದ್ದೆ.

"ನಾಳೆ ಹೋಗುದು" ಎಂದರು ಕಾಕ. "ಪತ್ರ ಕೊಡಿ ಇಲ್ಲಿ."

"ಓದ್ತೀರಾ?"

"ಪತ್ರ ಇಲ್ಲದೆ ಒಳಗೆ ಬಿಡುದಿಲ್ಲಲ್ಲ. ಪಾಸ್ ಅಂತ ಇಟ್ಕೊಳ್ತೇನೆ. ಇಲ್ಲಿ ಎಲ್ಲದಕ್ಕೂ ಒಂದು ಕಾಗದ ಬೇಕು ಮಾಷ್ಟ್ರೇ, ನಿಮಗೆ ಗೊತ್ತಿಲ್ವಾ?"

ಶನಿವಾರ ಹನ್ನೆರಡು ಕುರ್ಚಿ. ಕಾದಂಬರಿಗಾರ್ತಿ ಕಿಟಕಿಯ ಬದಿಗೆ, ಎದುರಿಗೆ ಸಂಚಾಲಕರು. ಸಂಚಾಲಕರು ಇಂಗ್ಲಿಷಿನಲ್ಲಿ, "ಮೊದಲು ಒಂದು ಸಣ್ಣ ಕೆಲಸ" ಎಂದು ಕಾಕನಿಗೆ ಸನ್ನೆ ಮಾಡಿದರು. ಕಾಕ ಎದ್ದರು. ಕಾಗದ ಬಿಡಿಸಿದರು. ಆಕೆಗೆ ತೋರಿಸಿದರು.

"ಯಾ ಉಖ್ತೀ" ಎಂದರು. ಓ ತಂಗೀ ಎಂದ ಹಾಗೆ. ಅಲ್ಲಿಂದ ಮುಂದೆ ಎಲ್ಲ ಅರಬಿಯಲ್ಲೇ. "ಇದು ನನ್ನ ಗೆಳೆಯ ಬರೆದ ಕಾಗದ. ನಾನು ತಪ್ಪು ಕೇಳಿದೆ ಅಂತ ಇದರಲ್ಲಿ ಉಂಟು. ನಾನು ತಪ್ಪು ಕೇಳ್ಲಿಲ್ಲ. ಅದಕ್ಕೆ ಓದುದಿಲ್ಲ. ನೀವು ಇನ್ನೂ ಉತ್ತರ ಹೇಳ್ಲಿಲ್ಲ. ಇಮ್ತಾ ನಾಜ್ಲೆ ಅಲ್ ಬಲದ್?"

ಸಂಚಾಲಕರಿಗೆ ಮಾತು ತಿಳಿಯದಿದ್ದರೂ ಕಾಗದ ಮಡಚಿ ಜೇಬಿಗೆ ಹೋದದ್ದು ತಿಳಿಯಿತು. "ಇದು ನಾವು ಒಪ್ಪಿಕೊಂಡ ಹಾಗೆ ಅಲ್ಲ" ಎಂದರು. ನಾನು ಎದ್ದೆ. ಇದರಲ್ಲಿ ನನಗೆ ಸಂಶಯವಿಲ್ಲ, ಮೇಜು ಹಿಡಿದ ನೆನಪಿದೆ. "ತಪ್ಪಿದ್ದು ನನ್ನ ಇಂಗ್ಲಿಷಿನಲ್ಲಿ. ಅವರು ರಜೆ ಯಾವಾಗ ಎಂದು ಕೇಳಿದ್ದು. ಹೋಮ್‌ಲ್ಯಾಂಡ್ ಎಂದದ್ದು ನಾನು. ಅವರು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ" ಎಂದೆ.

ಆಕೆ ಸಂಚಾಲಕರಿಗೆ ಕೈ ತೋರಿಸಿ ಸುಮ್ಮನಿರಿಸಿದರು. ಕಾಕನ ಕಡೆ ತಿರುಗಿದರು.

"ಗುರುವಾರವೇ ಹೇಳುವವಳಿದ್ದೆ. ನನ್ನ ಬದಲಿಗೆ ಇವರು ನೋವು ಮಾಡಿಕೊಂಡುಬಿಟ್ಟರು" ಎಂದರು. "ನನ್ನ ತಂದೆ ಈ ಊರಲ್ಲೇ ಮೇಷ್ಟ್ರಾಗಿದ್ದರು. ಪರೀಕ್ಷೆ ಮುಗಿಯುವ ಹೊತ್ತಿಗೆ ಈಜಿಪ್ಟಿನ ಮೇಷ್ಟ್ರುಗಳು ಒಬ್ಬರನ್ನೊಬ್ಬರು ಇದೇ ಕೇಳುವುದು. ತಂದೆಯನ್ನೂ ಕೇಳುತ್ತಿದ್ದರು, ಯಾರೆಂದು ಮರೆತು. ಅವರು 'ಈ ಬೇಸಿಗೆಗೆ' ಅನ್ನುತ್ತಿದ್ದರು. ಪ್ರತಿ ವರ್ಷ. ಸುಳ್ಳು ಹೇಳುತ್ತಾರಲ್ಲ ಅಂತ ನನಗೆ ನಾಚಿಕೆ."

"ಈಗ?" ಎಂದರು ಕಾಕ.

"ಈಗ ಅದು ಸುಳ್ಳು ಅನ್ನಿಸುವುದಿಲ್ಲ. ಎರಡು ಸಲ ಸೇತುವೆಯವರೆಗೆ ಹೋಗಿದ್ದೇನೆ. ಒಮ್ಮೆ ಆರು ಗಂಟೆ ಕೂರಿಸಿದರು, ಒಮ್ಮೆ ಒಂಬತ್ತು. ಎರಡೂ ಸಲ ವಾಪಸು. ನನ್ನ ಓದುಗರು ಏನು ಕಳೆದುಕೊಂಡಿರಿ, ಹೇಗನ್ನಿಸುತ್ತದೆ, ಕನಸು ಬೀಳುತ್ತದೆಯೇ ಅಂತೆಲ್ಲ ಕೇಳುತ್ತಾರೆ. ಒಳ್ಳೆಯವರು. ಆದರೆ ಇವಳು ಹೋಗುವವಳಲ್ಲ ಅಂತ ತೀರ್ಮಾನ ಮಾಡಿಕೊಂಡೇ ಕೇಳುತ್ತಾರೆ. ಪುಸ್ತಕದಲ್ಲೂ ಹಾಗೇ ಆಗಿದೆ, ನೀವು ಕೇಳುವವರೆಗೆ ನಾನು ಗಮನಿಸಿರಲಿಲ್ಲ." ಆಮೇಲೆ ಉತ್ತರ ಹೇಳಿದರು. "ಈ ಬೇಸಿಗೆಗೆ. ಬರೆದುಕೊಳ್ಳಿ."

ಪಕ್ಕದವರು ಸಂಚಾಲಕರ ಕಿವಿಯಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳಿದರು. "ಆದರೆ ಈಗಿನ ಪರಿಸ್ಥಿತಿಯಲ್ಲಿ ಅದು ಹೇಗೆ ಸಾಧ್ಯ?" ಎಂದರು ಸಂಚಾಲಕರು, ನಿಜವಾದ ಕಾಳಜಿಯಿಂದಲೇ.

"ಇವರು ಯಾವಾಗ ಅಂತ ಕೇಳಿದರು. ಹೇಗೆ ಅಂತ ಕೇಳಲಿಲ್ಲ" ಎಂದ ಆಕೆ ಮತ್ತೆ ಕಾಕನತ್ತ ತಿರುಗಿ, "ನೀವು ಯಾವಾಗ?" ಎಂದರು.

"ಬಕ್ರೀದ್ ಕಳೆದು."

"ವಿಮಾನದಲ್ಲಿ ಎಷ್ಟು ಕಿಲೋ ಬಿಡುತ್ತಾರೆ?"

"ಮೂವತ್ತು. ಕೈಯಲ್ಲಿ ಏಳು. ಏಳು ಅಂತ ಹೇಳುದು, ಯಾರೂ ತೂಕ ಹಾಕುದಿಲ್ಲ."

"ನನಗೆ ಇಪ್ಪತ್ತಮೂರೇ!"

"ಇಪ್ಪತ್ತಮೂರರಲ್ಲಿ ಎಂತ ಕೊಂಡು ಹೋಗುದು? ಒಂದು ಕಂಬಳಿ ಹಾಕಿದ್ರೆ ಮುಗೀತು." ಕಾಕನಿಗೆ ನಿಜಕ್ಕೂ ಬೇಸರವಾಯಿತು. ರಟ್ಟಿನ ಪೆಟ್ಟಿಗೆ ಕೊಳ್ಳಬೇಡಿ, ಬಟ್ಟೆಯ ಚೀಲ ಕೊಳ್ಳಿ, ಪೆಟ್ಟಿಗೆಯೇ ಎರಡು ಕಿಲೋ ತಿನ್ನುತ್ತದೆ ಎಂದು ವಿವರಿಸಿದರು. ಬಾದಾಮಿ ಸಿಪ್ಪೆ ತೆಗೆದದ್ದೇ ಕೊಂಡುಹೋಗಿ. ಆಕೆ ತಮ್ಮ ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡರು. ಅಣಕಕ್ಕಲ್ಲ. ಅಲ್ಲಿ ಕೂತ ನಮಗೆ, ಆಕೆ ಬರುವ ತಿಂಗಳು ಸಾಮಾನು ಕಟ್ಟುವವರು ಎಂಬುದರಲ್ಲಿ ಆ ಐದು ನಿಮಿಷ ಸಂಶಯವೇ ಬರಲಿಲ್ಲ. ನನಗೂ ಬರಲಿಲ್ಲ ಎಂದರೆ ಬೇರೆಯವರ ಮಾತು ಹೇಳಬೇಕೇ.

ಹೊರಡುವಾಗ ಆಕೆ ನನ್ನನ್ನು ತಡೆದರು. "ವರದಿ ಬರೆಯುವವರು ನೀವಂತೆ. ಬಲದ್ ಅನ್ನುವುದನ್ನು ಇನ್ನೊಮ್ಮೆ ಇಂಗ್ಲಿಷಿಗೆ ಹಾಕಬೇಡಿ."

ಹಾಕಲಿಲ್ಲ. ಅಂದೇ ಸಂಜೆ ಎರಡೂ ದಿನದ ವರದಿ ಹೊಸದಾಗಿ ಬರೆದೆ. ಗುರುವಾರದ ಪ್ರಶ್ನೆಯನ್ನು ಇದ್ದಲ್ಲೇ ಇಟ್ಟೆ, ಉತ್ತರ ತಡೆಹಿಡಿದದ್ದು ಯಾರೆಂದು ಬರೆದೆ, ಅನುವಾದ ಕೆಡಿಸಿದ್ದು ಯಾರೆಂದೂ ಬರೆದೆ. ಕೊನೆಗೆ, ಪ್ರಶ್ನೆ: ಬಲದ್‌ಗೆ ಯಾವಾಗ? ಉತ್ತರ: ಈ ಬೇಸಿಗೆಗೆ. ಒಂದು ಕಡೆ ಮಾತ್ರ ತಕರಾರು ಉಳಿಯಿತು. ಆಕೆ ಇನ್‌ಶಾ ಅಲ್ಲಾ ಎಂದೂ ಸೇರಿಸಿದ್ದರು ಎನ್ನುತ್ತಾರೆ ಕಾಕ. ನನಗೆ ಕೇಳಿಸಿದ್ದು ಬರೀ "ಈ ಬೇಸಿಗೆಗೆ". ಆ ದಿನ ವೀಡಿಯೊ ಇರಲಿಲ್ಲ. "ಅದಿಲ್ಲದೆ ಯಾರಾದ್ರೂ ಪ್ರಯಾಣದ ಮಾತು ಹೇಳ್ತಾರಾ? ನಿಮ್ಮ ಕಿವಿ ಓದಿ ಓದಿ ಹಾಳಾಗಿದೆ" ಎಂದರು. ಇಬ್ಬರ ನೆನಪನ್ನೂ ಬರೆದು ಕಳಿಸಿದೆ.

ಹತ್ತು ನಿಮಿಷದಲ್ಲಿ ಸಂಚಾಲಕರ ಸಂದೇಶ: ದಯವಿಟ್ಟು ಅಳಿಸಿ, ಸೂಕ್ಷ್ಮ ವಿಷಯ. ನಾನು ಬರೆದೆ: ನಡೆದದ್ದು, ಅಳಿಸುವುದಿಲ್ಲ. ಬಳಗದ ಹೆಸರು ಕೆಡುತ್ತದೆ ಎಂದರು. ಹೆಸರು ಕೆಡುವಂಥದ್ದು ಯಾವ ಸಾಲಿನಲ್ಲಿದೆ ತೋರಿಸಿ ಎಂದೆ. ಮರುದಿನ ವರದಿಯ ಕೆಲಸ ಬೇರೆಯವರಿಗೆ ಹೋಯಿತು. ಕಾಕನ ಬಗ್ಗೆ, "ಸ್ವಲ್ಪ ಸಮಯ ಅವರು ಬಾರದಿದ್ದರೆ ಒಳ್ಳೆಯದು" ಎಂದು ನನಗೆ ತಿಳಿಸಿದರು, ಅವರಿಗೆ ತಿಳಿಸಲು. ತಿಳಿಸಿದೆ.

"ಯಾರಿಗೆ ಒಳ್ಳೇದು?" ಎಂದರು ಕಾಕ.

ಮುಂದಿನ ತಿಂಗಳು ಮಹಡಿ ಹತ್ತಿದಾಗ ಅವರು ನನಗಿಂತ ಮೊದಲೇ ಬಂದಿದ್ದರು. ಮೂಲೆಯ ಹಳೆಯ ಜಾಗದಲ್ಲಲ್ಲ, ಮೊದಲ ಸಾಲಿನಲ್ಲಿ. ತೊಡೆಯ ಮೇಲೆ ಆ ತಿಂಗಳ ಪುಸ್ತಕ, ನಡುವೆ ಪೆನ್ಸಿಲ್ಲು. ಸಂಚಾಲಕರು ಬಂದರು, ನೋಡಿದರು, ನನ್ನನ್ನೂ ನೋಡಿದರು. ನಾನು ಕಾಕನ ಪಕ್ಕದಲ್ಲಿ ಕೂತೆ. ಒಬ್ಬರು ಬಗ್ಗಿ ಏರ್ ಫಿಲ್ಟರಿನ ವಿಷಯ ಶುರುಮಾಡಿದರು. "ಅಂಗಡಿಗೆ ಬನ್ನಿ, ಇಲ್ಲಿ ಪುಸ್ತಕದ್ದು ಮಾತ್ರ" ಎಂದು ಕಾಕ ಅವರನ್ನು ಕಳಿಸಿದರು. ಸಭೆ ಆರಂಭವಾಯಿತು. ಸಂಚಾಲಕರ ಪ್ರಸ್ತಾವನೆ ಇನ್ನೂ ಎರಡನೇ ವಾಕ್ಯದಲ್ಲಿತ್ತು, ಕಾಕ ಕೈ ಎತ್ತಿದರು.

"ಪ್ರಶ್ನೆಗಳು ಕೊನೆಯಲ್ಲಿ" ಎಂದರು ಸಂಚಾಲಕರು.

"ಆಗ್ಲಿ" ಎಂದ ಕಾಕ, ಎತ್ತಿದ ಕೈಯನ್ನು ಹಾಗೇ ಹಿಡಿದು ಕೂತರು.